ಹದ್ದಿನ ಮುದ್ರೆ ಮತ್ತು ಅಪ್ಪಚ್ಚಿಯಾದ ಪೊಂಚ್ಕಿ

“ಇದು ಕೊಲೆ ಕಣೇ ಹೆರ್ಮಿನಾ, ಹಾಡಹಗಲ ಕೊಲೆ!” ಎಂದ ಗುಸ್ತಾವ್ ಮಾವ, ಎರಡೂ ಕೈ ತಲೆಯ ಮೇಲಿಟ್ಟುಕೊಂಡು.

ಇನ್ಸ್‌ಪೆಕ್ಟರ್ ಹೆರ್ಮಿನಾ ಚೆಶ್ಲಾರ್ ಬಾಗಿಲ ಪಕ್ಕದ ಕುರ್ಚಿಯ ಮುಂದೆ ಮಂಡಿಯೂರಿ, ಯಾರೋ ಮೇಲೆ ಕೂತು ತಗ್ಗಿಸಿದ್ದ ರಟ್ಟಿನ ಡಬ್ಬಿಯ ಮುಚ್ಚಳವನ್ನು ಬೆರಳ ತುದಿಯಿಂದ ಎತ್ತಿದಳು. ಬೆಳಿಗ್ಗೆ ಗುಂಡಗೆ ಉಬ್ಬಿಕೊಂಡು ಮೈಗೆಲ್ಲ ಸಕ್ಕರೆ ಬಳಿದುಕೊಂಡಿದ್ದ ಪೊಂಚ್ಕಿಗಳು ಈಗ ದೋಸೆಯ ಹಾಗೆ ಮಲಗಿದ್ದವು. ಹೊಟ್ಟೆಯೊಳಗಿದ್ದ ಗುಲಾಬಿ ಹೂರಣ ಡಬ್ಬಿಯ ಮೂಲೆಮೂಲೆಗೂ ಹರಿದಿತ್ತು.

“ಮಾವ, ಕಳುವಾಗಿರೋದು ನಮ್ಮ ಪೋಲೆಂಡ್ ದೇಶದ ಮುದ್ರೆ. ನೀನು ನೋಡಿದ್ರೆ ಪೊಂಚ್ಕಿಗೆ ಅಳ್ತಿದ್ದೀಯಲ್ಲ!”

“ಮುದ್ರೆ ಬೇಕಾದ್ರೆ ಇನ್ನೊಂದು ಕೆತ್ತಿಸ್ತಾರೆ. ಇವತ್ತು ಕರಿದ ತಿಂಡಿ ಗುರುವಾರ, ಗೊತ್ತು ತಾನೆ? ಇವತ್ತು ಪೊಂಚ್ಕಿ ತಿನ್ನದೋನಿಗೆ ವರ್ಷಪೂರ್ತಿ ಅದೃಷ್ಟ ಕೈಕೊಡುತ್ತೆ. ಬೇಕರಿ ಮುಂದೆ ಚಳೀಲಿ ನಡುಗ್ತಾ ನಿಂತು ತಂದೋನು ನಾನು. ನಿಮ್ಮ ಮಂತ್ರಿಗಳಲ್ಲ.”

ಗುಸ್ತಾವ್ ಈ ಹೋಟೆಲಿನ ಬಾಗಿಲು ಕಾಯುವವನು. ಹೆರ್ಮಿನಾ ಲಂಗ ಹಾಕಿಕೊಂಡು ಓಡಾಡುತ್ತಿದ್ದಾಗಿನಿಂದ ಅವನು ಅವಳಿಗೆ ಮಾವ. ಅಧಿಕಾರಕ್ಕೆ ಹೆದರುವ ಜಾಯಮಾನ ಅವನದಲ್ಲ.

ಗಡಿಯಲ್ಲಿ ಹರಿಯುವ ಓಲ್ಜಾ ಹೊಳೆಗೆ ಕಾಲುಸೇತುವೆ ಕಟ್ಟುವ, ಹೊಳೆ ದಿಕ್ಕು ಬದಲಿಸಿದ ಕಡೆ ಗಡಿಯನ್ನು ನೆಟ್ಟಗೆ ಮಾಡಿಕೊಳ್ಳುವ ಒಪ್ಪಂದಕ್ಕೆ ಪೋಲೆಂಡ್ ಮತ್ತು ಚೆಕ್ ಮಂತ್ರಿಗಳು ಇಂದು ಮಧ್ಯಾಹ್ನ ಇದೇ ಮಹಡಿಯ ಹಾಲಿನಲ್ಲಿ ಸಹಿ ಹಾಕಬೇಕಿತ್ತು. ಒಪ್ಪಂದದ ಅರಗಿನ ಮೇಲೆ ಒತ್ತಬೇಕಾದ ಹದ್ದಿನ ಮುದ್ರೆ, ಎಲ್ಲರೂ ಕೆಳಗೆ ತಿಂಡಿಗೆ ಇಳಿದಿದ್ದ ಹೊತ್ತಿನಲ್ಲಿ ಮಾಯವಾಗಿತ್ತು.

“ಇನ್ನೊಂದು ಸಲ ಹೇಳು ಮಾವ. ಡಬ್ಬಿ ಇಲ್ಲಿಟ್ಟಾಗ ಹಾಲಲ್ಲಿ ಯಾರಿದ್ರು?”

“ನರಪಿಳ್ಳೆ ಇರ್ಲಿಲ್ಲ. ಎಲ್ರೂ ಇಳಿದು ಹೋದ್ರು. ನಾನು ಪರದೆ ಎಳೆದೆ, ದೀಪ ಆರಿಸಿದೆ. ಗೋಡೆ ಚಿತ್ರದ ಬಣ್ಣ ಹೋಗುತ್ತೆ ಅಂತ ಯಜಮಾನ್ರು ಬೈತಾರೆ. ಡಬ್ಬೀನ ಈ ಕುರ್ಚಿ ಮೇಲಿಟ್ಟು ಕಾಫಿ ತರೋಕೆ ಹೋದೆ. ಬಂದು ನೋಡಿದ್ರೆ ಇವುಗಳ ಗತಿ ಇದು. ಮೇಜಿನ ಮೇಲೆ ಮುದ್ರೆ ಪೆಟ್ಟಿಗೆ ಬಾಯಿ ತೆರ್ಕೊಂಡು ಬಿದ್ದಿತ್ತು.”

ಹೆರ್ಮಿನಾ ಎದ್ದು ಹಾಲನ್ನು ಮತ್ತೊಮ್ಮೆ ಕಣ್ಣಳತೆ ಮಾಡಿದಳು. ಉದ್ದನೆಯ ಮೇಜು, ಅದರ ಸುತ್ತ ಮಖಮಲ್ಲು ಹೊದ್ದ ಕುರ್ಚಿಗಳು. ಮಂತ್ರಿಗಳೇ ಕೂರಬಹುದಾದ ಕುರ್ಚಿಗಳನ್ನು ಬಿಟ್ಟು ಕಳ್ಳನೊಬ್ಬ ಬಾಗಿಲ ಮೂಲೆಯ ಈ ಮುರುಕಲು ಮರದ ಕುರ್ಚಿಯ ಮೇಲೆ, ಅದೂ ತಿಂಡಿ ಡಬ್ಬಿಯ ಮೇಲೆ, ಯಾಕೆ ಕೂತ? ಕದಿಯಲು ಬಂದವನಿಗೆ ಕೂರುವ ಪುರುಸೊತ್ತಾದರೂ ಎಲ್ಲಿಯದು?

ಅವಳಿಗೆ ಬಗೆಹರಿಯಲಿಲ್ಲ. ಹೊಟ್ಟೆ ಬೇರೆ ಚುರುಗುಟ್ಟುತ್ತಿತ್ತು. ಒಂದು ಅಪ್ಪಚ್ಚಿ ಪೊಂಚ್ಕಿಯನ್ನು ಎತ್ತಿ ಬಾಯಿಗಿಟ್ಟುಕೊಂಡಳು.

“ಅಯ್ಯೋ, ಸಾಕ್ಷಿ ತಿನ್ತಿದ್ದೀಯಲ್ಲೇ!”

“ಡಬ್ಬಿ ಸಾಕ್ಷಿ ಮಾವ. ಇದು ತಿಂಡಿ.”

ಬಾಗಿಲು ಧಡಾರನೆ ತೆರೆಯಿತು. ಒಳಗೆ ಬಂದವನು ಲುದೋಮಿರ್ ಜವಾದ್ಸ್ಕಿ, ವಾರ್ಸಾದಿಂದ ಬಂದಿದ್ದ ಶಿಷ್ಟಾಚಾರದ ಅಧಿಕಾರಿ. ಎರಡು ದೇಶಗಳ ಬಾವುಟಗಳಲ್ಲಿ ಯಾವುದೂ ಇನ್ನೊಂದಕ್ಕಿಂತ ಕೂದಲೆಳೆಯಷ್ಟೂ ಮೇಲಿರಬಾರದೆಂದು ಬೆಳಿಗ್ಗೆ ಸ್ಕೇಲು ಹಿಡಿದು ಅಳೆದ ಮಹಾನುಭಾವ. ಅವನ ಹಿಂದೆಯೇ ಉರುಳಿಕೊಂಡು ಬಂದವನು ಚೆಕ್ ಕಡೆಯ ಪ್ರತಿನಿಧಿ ಬೊಹುಸ್ಲಾವ್ ವಾವ್ರೆಚ್ಕಾ. ಗುಂಡುಗುಂಡನೆಯ ಆಳು, ಬಿಳಿ ಮೀಸೆ, ಮೀಸೆಯ ತುದಿಯಲ್ಲಿ ಸಕ್ಕರೆ ಪುಡಿ.

“ಮೇಡಂ, ಇನ್ನೂ ಏನು ನೋಡ್ತಿದ್ದೀರಿ?” ಎಂದ ಜವಾದ್ಸ್ಕಿ. “ಮೇಜಿನ ಕೆಳಗೆ ಇವರ ಕೈಗವಸು ಸಿಕ್ಕಿದೆ. ತಿಂಡಿ ಮಧ್ಯೆ ಎದ್ದು ಹೋಗಿದ್ದೂ ಇವರೇ. ಇನ್ನೇನು ಬೇಕು ನಿಮಗೆ?”

“ನೀವೂ ಎದ್ದು ಹೋಗಿದ್ರಿ ಸಾಹೇಬ್ರೆ,” ಎಂದಳು ಹೆರ್ಮಿನಾ. “ಅತಿಥಿಯಾಗಿ ಬಂದಿರೋ ಜರ್ಮನ್ ಅಮ್ಮನೂ ಎದ್ದು ಹೋಗಿದ್ರು.”

“ನಾನು ಫೋನ್ ಮಾಡೋಕೆ ಹೋಗಿದ್ದೆ!”

“ನಾನು ಕೈ ತೊಳೆಯೋಕೆ ಹೋಗಿದ್ದೆ,” ಎಂದು ವಾವ್ರೆಚ್ಕಾ ಎರಡೂ ಅಂಗೈ ಬಿಡಿಸಿ ತೋರಿಸಿದ. “ಪೊಂಚ್ಕಿ ಅಂಟು ಹೋಗಬೇಕಲ್ಲ. ಕೈಗವಸು ನನ್ನದೇ, ಇಲ್ಲ ಅನ್ನಲ್ಲ. ಬೆಳಿಗ್ಗೆ ಬಿದ್ದಿರುತ್ತೆ. ಆದ್ರೆ ನಿಮ್ಮ ಹದ್ದನ್ನ ತಗೊಂಡು ನಾನೇನು ಮಾಡ್ಲಿ ಹೇಳಿ? ಮನೇಲಿ ಹೆಂಡ್ತಿ ಕೊಡೋ ಸಾಮಾನು ಚೀಟಿಗೆ ಒತ್ತಲಾ?”

ಗುಸ್ತಾವ್ ಕಿಸಕ್ಕನೆ ನಕ್ಕ. ಜವಾದ್ಸ್ಕಿ ಅವನ ಕಡೆ ದುರುಗುಟ್ಟಿ ನೋಡಿದ.

“ಸೇತುವೆ ಆಗಲಿ ಅಂತ ನನ್ನ ತಲೆಗೂದಲು ಕಪ್ಪಗಿದ್ದಾಗಿಂದ ಓಡಾಡ್ತಿದ್ದೀನಿ,” ಎಂದ ವಾವ್ರೆಚ್ಕಾ. ಈ ಸಲ ಅವನ ಮಾತಿನಲ್ಲಿ ನಗುವಿರಲಿಲ್ಲ. “ಇವತ್ತು ಕಳ್ಳ ಅನ್ನಿಸಿಕೊಂಡು ಹೊಳೆ ದಾಟಿದ್ರೆ, ಪ್ರಾಗ್‌ನಲ್ಲಿ ನನ್ನ ಮುಖ ಯಾರೂ ನೋಡಲ್ಲ. ಸೇತುವೆ ಕಥೆ ಅಂತೂ ಮುಗೀತು.”

ಅವನು ಕೆಳಗಿಳಿದು ಹೋದ. ಅವನ ಹೆಜ್ಜೆಯ ಸದ್ದು ಮೆಟ್ಟಿಲುಗಳ ಮೇಲೆ ಭಾರವಾಗಿ ಕೇಳಿಸಿತು. ಹೆರ್ಮಿನಾಗೆ ಅಯ್ಯೋ ಅನ್ನಿಸಿತು. ಪ್ರತಿ ಸಂಧಾನಕ್ಕೆ ಬಂದಾಗಲೂ ಪೊಲೀಸ್ ಠಾಣೆಗೆ ಹೊಕ್ಕು ಎಲ್ಲರ ಯೋಗಕ್ಷೇಮ ವಿಚಾರಿಸಿ ಹೋಗುವ ಮನುಷ್ಯ ಅವನು. ಅವನನ್ನು ಕಂಡರೆ ಅವಳಿಗೆ ಇಷ್ಟ, ಅದನ್ನು ಮುಚ್ಚಿಡುವ ಅಗತ್ಯವೂ ಅವಳಿಗೆ ಕಂಡಿರಲಿಲ್ಲ.

“ಕರುಣೆ ತೋರಿಸ್ಬೇಡಿ ಮೇಡಂ,” ಎಂದ ಜವಾದ್ಸ್ಕಿ. “ನಮ್ಮ ದೇಶದ ಕಷ್ಟ ನಿಮಗೆ ಗೊತ್ತಿಲ್ವಾ? ಪೂರ್ವಕ್ಕೆ ತಿರುಗಿದ್ರೆ ಒಬ್ಬ, ಪಶ್ಚಿಮಕ್ಕೆ ತಿರುಗಿದ್ರೆ ಇನ್ನೊಬ್ಬ. ಹೆಗಲು ಕೊಡ್ತೀವಿ ಅನ್ನೋ ಮಿತ್ರರೆಲ್ಲ ದೂರದಲ್ಲಿ. ನೆರೆಯವರನ್ನ ನಂಬಿ ನಾವು ಎಷ್ಟು ಸಲ ಕೆಟ್ಟಿಲ್ಲ?”

“ದಕ್ಷಿಣಕ್ಕೂ ಒಂಚೂರು ತಿರುಗಿ ಸಾಹೇಬ್ರೆ. ಅಲ್ಲಿರೋನು ವಾವ್ರೆಚ್ಕಾ. ಅವರ ಕೈಲಿ ಬಿಯರ್ ಲೋಟ ಬಿಟ್ರೆ ಬೇರೆ ಆಯುಧ ನಾನಂತೂ ಕಂಡಿಲ್ಲ.”

“ತಮಾಷೆ ಸಾಕು. ಹೊಳೆಯಾಚೆ ಉಳಿದ ಪ್ಲಮ್ ತೋಟ ಅವರಿಗೆ ಬಿಟ್ಟುಕೊಡ್ತಿದ್ದೀವಿ. ಅಷ್ಟು ಸಾಲದು ಅಂತ ಮುದ್ರೇನೂ ಕೊಡಬೇಕಾ? ಮಂತ್ರಿಗಳ ಕಾರು ದಾರೀಲಿದೆ. ವಾಪಸ್ ತಿರುಗಿಸಿ ಅಂತೀನಿ. ಚೆಕ್ಕರೇ ಕದ್ದಿದ್ದು ಅಂತ ಹೇಳಿಬಿಡ್ತೀನಿ.”

“ತೋಟದ ಬದಲು ಹುಲ್ಲುಗಾವಲು ಅವರು ಕೊಡ್ತಿದ್ದಾರಲ್ಲ?”

“ಹುಲ್ಲಲ್ಲಿ ಪ್ಲಮ್ ಬಿಡುತ್ತಾ?”

ಅಷ್ಟರಲ್ಲಿ ಬಾಗಿಲು ಮತ್ತೆ ತೆರೆಯಿತು. ಬಂದವಳು ಹಿಲ್ಟ್ರೂಡ್ ಕೆಸ್ಲರ್. ಸೇತುವೆಗೆ ನೆರವಾಗುತ್ತಿರುವ ಜರ್ಮನಿಯ ಪರವಾಗಿ ಸಮಾರಂಭಕ್ಕೆ ಬಂದ ಅತಿಥಿ. ತಾಳೆಮರದಷ್ಟು ಎತ್ತರ.

“ಕ್ಷಮಿಸಿ, ಕನ್ನಡಕ ಬಿಟ್ಟು ಹೋಗಿದ್ದೆ,” ಎನ್ನುತ್ತ ಮೇಜಿನ ತನಕ ದಾಪುಗಾಲು ಹಾಕಿದಳು. ಕನ್ನಡಕ ಎತ್ತಿ ಮೂಗಿನ ಮೇಲಿಟ್ಟುಕೊಂಡಳು. ಬಂದಷ್ಟೇ ವೇಗದಲ್ಲಿ ಹೊರಟುಹೋದಳು.

ಗುಸ್ತಾವ್ ಲೊಚಗುಟ್ಟಿದ. “ನೋಡು, ನೋಡು! ಕೂರದೇನೇ ಹೋದ್ಳು. ಹೊರಟೋರು ತಿರುಗಿ ಬಂದ್ರೆ ಒಂದು ಗಳಿಗೆ ಕೂತು ಹೋಗ್ಬೇಕು ಅಂತ ಅವರಮ್ಮ ಹೇಳಿಕೊಟ್ಟಿಲ್ವೇನೋ. ಇನ್ನು ಮೆಟ್ಟಿಲಲ್ಲಿ ಕಾಲು ಜಾರಿಸ್ಕೋತಾಳೆ ಪಾಪ.”

ಹೆರ್ಮಿನಾಳ ಬಾಯಲ್ಲಿದ್ದ ಪೊಂಚ್ಕಿ ಅರ್ಧದಲ್ಲೇ ನಿಂತಿತು.

ಹೊರಟವರು ತಿರುಗಿ ಬಂದರೆ ಕೂರಬೇಕು. ಹತ್ತಿರ ಯಾವ ಕುರ್ಚಿ ಇದೆಯೋ ಅದರ ಮೇಲೆ ಕುಂಡೆ ಊರಿ, ಮನಸ್ಸಿನಲ್ಲೇ ಹತ್ತರ ತನಕ ಎಣಿಸಿ ಏಳಬೇಕು. ಆಮೇಲೆ ಹೋದರೆ ಹೋದ ಕೆಲಸ ಕೈಗೂಡುತ್ತದೆ. ಅವಳ ಅಮ್ಮ ಹಾಗೆ ಕೂರುತ್ತಿದ್ದಳು. ಅವಳೂ ಕೂರುತ್ತಾಳೆ. ಬೆಳಿಗ್ಗೆ ಪಿಸ್ತೂಲು ಮರೆತು ಮನೆಗೆ ವಾಪಸಾದಾಗಲೂ ಅಡುಗೆಮನೆಯ ಸ್ಟೂಲಿನ ಮೇಲೆ ಕೂತೇ ಎದ್ದು ಬಂದಿದ್ದಳು. ಯೋಚಿಸಿ ಮಾಡುವ ಕೆಲಸ ಅಲ್ಲ ಅದು. ಉಸಿರಾಟದ ಹಾಗೆ ತನ್ನಷ್ಟಕ್ಕೆ ಆಗಿಬಿಡುತ್ತದೆ.

ಕತ್ತಲು ಹಾಲಿಗೆ ಹಿಂದಿರುಗಿದ ಕಳ್ಳನ ತಲೆ ಕಳ್ಳತನದ ಮೇಲಿತ್ತು. ಆದರೆ ಅವನ ಕಾಲಿಗೆ ಗೊತ್ತಿದ್ದದ್ದು ಒಂದೇ: ಹೊರಟು ತಿರುಗಿ ಬಂದಿದ್ದೇನೆ. ಮುದ್ರೆ ಎತ್ತಿಕೊಂಡು ಬಾಗಿಲ ತನಕ ಬಂದವನು, ಅಭ್ಯಾಸಬಲದಿಂದ, ಕಣ್ಣಿಗೆ ಕಾಣದ ಡಬ್ಬಿಯ ಮೇಲೆ ಕೂತುಬಿಟ್ಟಿದ್ದ.

ಅವಳಿಗೆ ಕುಣಿಯಬೇಕೆನ್ನಿಸಿತು. ಕುಣಿಯಲಿಲ್ಲ. ಡಬ್ಬಿಯನ್ನು ಮೆಲ್ಲಗೆ ಎತ್ತಿ ಗುಸ್ತಾವ್ ಮಾವನ ಕೈಗಿಟ್ಟು ಕುರ್ಚಿಯನ್ನು ಖಾಲಿ ಮಾಡಿದಳು. ಆಮೇಲೆ ಜವಾದ್ಸ್ಕಿ ಬಂದವನೇ ಮೇಜಿನ ಮೇಲಿಟ್ಟಿದ್ದ ಫೋನಿನ ಮೇಲೆ ತನ್ನ ಟೋಪಿಯನ್ನು ಅಪ್ಪಿತಪ್ಪಿ ಎಂಬಂತೆ ಇಟ್ಟಳು.

“ಆಯ್ತು ಸಾಹೇಬ್ರೆ. ನೀವು ಮಂತ್ರಿಗಳಿಗೆ ಹೇಳೋದೇ ಸರಿ. ಇಲ್ಲಿ ಗೋಡೆ ದಪ್ಪ, ಸಿಗ್ನಲ್ ಸಿಗಲ್ಲ. ಹೊರಗೆ ಹೋಗಿ ಮಾತಾಡಿ.”

ಜವಾದ್ಸ್ಕಿ ಎದೆಯುಬ್ಬಿಸಿ ಹೊರಟ. ಹೋದವನು ಜೇಬು ತಡಕಿಕೊಳ್ಳುತ್ತ ಹಿಂದಿರುಗಿದ. ಟೋಪಿಯ ಕೆಳಗಿನಿಂದ ಫೋನು ಎಳೆದುಕೊಂಡ. ಬಾಗಿಲ ತನಕ ಹೋದ. ಕೋಟಿನ ಹಿಂಬದಿ ಸುಕ್ಕಾಗದ ಹಾಗೆ ಸರಿಪಡಿಸಿಕೊಂಡು ಆ ಮರದ ಕುರ್ಚಿಯ ಮೇಲೆ ಕೂತ.



“ಎಷ್ಟಾಯ್ತು ಸಾಹೇಬ್ರೆ?” ಎಂದಳು ಹೆರ್ಮಿನಾ.

“ಏಳು,” ಎಂದ ಜವಾದ್ಸ್ಕಿ. ಮರುಕ್ಷಣ ಬೆಚ್ಚಿ, “ಏನು ಎಷ್ಟಾಯ್ತು?” ಎಂದ.

ಗುಸ್ತಾವ್ ಡಬ್ಬಿಯನ್ನು ಎದೆಗವಚಿಕೊಂಡು ಗೋಡೆಯ ಕಡೆ ತಿರುಗಿದ. ಅವನ ಭುಜಗಳು ಕುಲುಕುತ್ತಿದ್ದವು.

“ಪೂರ್ತಿ ಎಣಿಸಿಬಿಡಿ. ಅರ್ಧಕ್ಕೆ ಎದ್ರೆ ಒಳ್ಳೇದಲ್ಲ.”

“ಅಂದ್ರೆ... ನಾನು ಕಳ್ಳ ಅಂತಿದ್ದೀರಾ?” ಜವಾದ್ಸ್ಕಿಯ ಮುಖ ಅವನ ದೇಶದ ಬಾವುಟದ ಹಾಗೆ ಮೇಲೆ ಬಿಳಿಚಿ ಕೆಳಗೆ ಕೆಂಪಾಯಿತು. “ಕೂತ ಮಾತ್ರಕ್ಕೆ ಕಳ್ಳನಾ? ಹಾಗಾದ್ರೆ ಇಡೀ ದೇಶವೇ ಕಳ್ಳರ ದೇಶ! ನಮ್ಮಲ್ಲಿ ಕೂರದೇ ಇರೋನು ಯಾರು?”

“ಬಾಯಿಗೆ ಸಕ್ಕರೆ ಹಾಕ್ಬೇಕು ನಿಮಗೆ. ನಾನು ಹೇಳ್ಬೇಕಾದ್ದನ್ನ ನೀವೇ ಹೇಳಿಬಿಟ್ರಿ. ಕದ್ದೋನು ಈ ಕುರ್ಚಿ ಮೇಲೆ ಕೂತ. ನಮ್ಮೋರಾದ್ರೆ ಕೂರ್ತಾರೆ. ಜರ್ಮನ್ ಅಮ್ಮ ಕೂರ್ಲಿಲ್ಲ, ಈಗ ತಾನೇ ನೋಡಿದ್ರಿ. ಚೆಕ್ಕರೂ ಕೂರಲ್ಲ. ಗಡಿ ಗಸ್ತಿಗೆ ಅವರ ಪೊಲೀಸರ ಜತೆ ಹೋಗ್ತೀನಲ್ಲ, ನಾನು ಜೀಪಿಗೆ ವಾಪಸ್ ಬಂದು ಕೂತು ಎಣಿಸಿದ್ರೆ ಹೊಟ್ಟೆ ಹಿಡ್ಕೊಂಡು ನಗ್ತಾರೆ.”

“ಅಂದ್ರೆ ಕದ್ದಿದ್ದು ನಮ್ಮೋರೇ?”

“ನಮ್ಮೋರೇ. ಯಾರು ಅಂತ ಗೊತ್ತಿಲ್ಲ. ನೀವೂ ಆಗಿರ್ಬೋದು, ಪ್ಲಮ್ ಮೇಲೆ ಅಷ್ಟೊಂದು ಆಸೆ ಇರೋರು.”

“ನನ್ನ ಚೀಲ ಬೇಕಾದ್ರೆ ಸುರಿದು ನೋಡ್ಕೊಳ್ಳಿ!”

“ನೋಡ್ತೀನಿ. ಎಲ್ಲರದ್ದೂ ನೋಡ್ತೀನಿ. ಮುದ್ರೆ ಇನ್ನೂ ಈ ಕಟ್ಟಡದಲ್ಲೇ ಇದೆ, ನಾನು ಬಂದ ಮೇಲೆ ಒಂದು ಬೆಕ್ಕೂ ಆಚೆ ಹೋಗಿಲ್ಲ. ಆದ್ರೆ ಮೊದಲು ನೀವು ಫೋನ್ ಮಾಡಿ. ಕಾರು ತಿರುಗಿಸ್ಬೇಡಿ, ಚೆಕ್ಕರ ಮೇಲೆ ಬೆರಳು ತೋರಿಸ್ಬೇಡಿ ಅಂತ ಹೇಳಿ. ನಾಳೆ ನಿಜ ಹೊರಗೆ ಬಿದ್ರೆ, ನೆರೆಮನೆಯೋನ ಮೇಲೆ ಸುಳ್ಳು ಕಳ್ಳತನ ಹೊರಿಸಿದ ದೇಶ ಅನ್ನಿಸ್ಕೋತೀವಿ. ಆ ಹೆಸರು ತೊಳೆಯೋಕೆ ಓಲ್ಜಾ ನೀರು ಸಾಲಲ್ಲ.”

ಜವಾದ್ಸ್ಕಿ ಬೆವರು ಒರೆಸಿಕೊಂಡ. ಅವನು ಜಂಭದವನು ನಿಜ, ಪೆದ್ದನಲ್ಲ. ಕಿಟಕಿಯ ಹತ್ತಿರ ಹೋಗಿ, ಕೈಯಿಂದ ಬಾಯಿ ಮರೆಮಾಡಿಕೊಂಡು ಮಾತಾಡಿದ. “ಹೌದು ಸರ್... ಇಲ್ಲ ಸರ್... ಮನೆಯೊಳಗಿನ ವಿಷಯ ಅಂತ ಕಾಣುತ್ತೆ ಸರ್... ಹಾಗಂತ ಇನ್ಸ್‌ಪೆಕ್ಟರ್ ಖಚಿತವಾಗಿ ಹೇಳ್ತಿದ್ದಾರೆ ಸರ್.”

ಫೋನು ಜೇಬಿಗಿಟ್ಟಾಗ ಅವನ ದನಿ ಇಳಿದಿತ್ತು.

“ಮಂತ್ರಿಗಳು ಪ್ರಾಗ್‌ನ ಮಂತ್ರಿಗೆ ಆಗಲೇ ಇನ್ನೊಂದು ಫೋನಲ್ಲಿ ಹೇಳಿಬಿಟ್ರು. ‘ಇದರಲ್ಲಿ ನಿಮ್ಮವರ ಕೈಯಿಲ್ಲ, ನನ್ನ ಮಾತಿಗೆ ನಾನು ಜವಾಬ್ದಾರ’ ಅಂತ. ಅವರ ಮಾತು ನಿಂತಿರೋದು ನಿಮ್ಮ ಮಾತಿನ ಮೇಲೆ ಮೇಡಂ. ನಿಮ್ಮ ಮಾತು ನಿಂತಿರೋದು ಒಂದು ಕುರ್ಚಿ ಮೇಲೆ.”

“ಗಟ್ಟಿ ಕುರ್ಚಿ. ನೀವು ಕೂತ್ರೂ ಮುರೀಲಿಲ್ಲ.”

“ಲೆಕ್ಕ ತಪ್ಪಿದ್ರೆ ಎರಡು ದೇಶದ ಮುಂದೆ ನಮ್ಮ ಮಂತ್ರಿಗಳು ನಗೆಪಾಟಲು. ನೀವು ನಾಳೆಯಿಂದ ವಾರದ ಸಂತೇಲಿ ಕುದುರೆಗಾಡಿ ಎಣಿಸ್ತೀರಿ.” ಅಷ್ಟು ಹೇಳಿ ಜವಾದ್ಸ್ಕಿ ಮಂತ್ರಿಗಳನ್ನು ಎದುರುಗೊಳ್ಳಲು ಕೆಳಗಿಳಿದ.

ಸುದ್ದಿಗೆ ಕಾಲಿರುತ್ತದೆ. ಐದು ನಿಮಿಷವೂ ಆಗಿರಲಿಲ್ಲ, ವಾವ್ರೆಚ್ಕಾ ಏದುಸಿರು ಬಿಡುತ್ತ ಮಹಡಿ ಹತ್ತಿ ಬಂದ. ಅವನ ಮಂತ್ರಿಯಿಂದ ಅವನಿಗೂ ಫೋನ್ ಬಂದಿತ್ತು. ಟೋಪಿ ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟು, ಹೆರ್ಮಿನಾಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಮುತ್ತಿಟ್ಟ. ಸಕ್ಕರೆ ಪುಡಿ ಅವಳ ಬೆರಳಿಗೂ ಅಂಟಿತು.

“ಮೇಡಂ, ನೀವು ಹೊಳೆಯ ಈ ದಡದಲ್ಲಿ ಹುಟ್ಟಿ ತಪ್ಪು ಮಾಡಿದ್ರಿ. ನಮ್ಮ ಕಡೆ ಹುಟ್ಟಿದ್ರೆ ನಿಮ್ಮ ಹೆಸರಲ್ಲಿ ಒಂದು ಬಿಯರ್ ಮಾಡ್ತಿದ್ವಿ!”

“ಈಗ್ಲೂ ಮಾಡಿ. ಸೇತುವೆ ಆದ ಮೇಲೆ ನಡ್ಕೊಂಡೇ ಬಂದು ಕುಡೀತೀನಿ.”

“ಹೇಗೆ ಗೊತ್ತಾಯ್ತು, ನಾನಲ್ಲ ಅಂತ?”

“ಅದು ನಮ್ಮ ಗುಟ್ಟು ಸ್ವಾಮಿ. ಕಳ್ಳ ಸಿಗೋ ತನಕ ಹೇಳಲ್ಲ.”

“ಕೇಳಲ್ಲ, ಕೇಳಲ್ಲ.” ಅವನ ಕಣ್ಣು ನಿಜಕ್ಕೂ ಒದ್ದೆಯಾಗಿತ್ತು. “ಇವತ್ತು ನನ್ನ ಮಾನ ಉಳಿಸಿದ್ರಿ. ಬರ್ತೀನಿ. ನಮ್ಮ ಮಂತ್ರಿಗಳಿಗೆ ಬಾಗಿಲಲ್ಲಿ ನಾನಿಲ್ದಿದ್ರೆ ಬೇಜಾರಾಗುತ್ತೆ.”

ಅವನು ಮೆಟ್ಟಿಲಿಳಿಯುವ ಸದ್ದು ಈ ಸಲ ಹಗುರಾಗಿತ್ತು. ಹೆರ್ಮಿನಾ ಕಿಟಕಿಯಿಂದ ಹೊರಗೆ ನೋಡಿದಳು. ಹೊಳೆಯಾಚೆ ಚೆಕ್ ಊರಿನ ಹೊಗೆಗೂಡುಗಳು, ಈಚೆ ತಮ್ಮ ಊರಿನ ಹೊಗೆಗೂಡುಗಳು. ಹೊಗೆ ಎರಡೂ ಕಡೆಯಿಂದ ಎದ್ದು ನಡುವೆ ಬೆರೆಯುತ್ತಿತ್ತು. ಅವಳ ಮನಸ್ಸು ತುಂಬಿ ಬಂತು. ಗುಸ್ತಾವ್ ಮಾವನಿಗೆ ಒಂದು ಪೊಂಚ್ಕಿ ಕೊಟ್ಟು, ತಾನೂ ಇನ್ನೊಂದು ಕೈಗೆತ್ತಿಕೊಂಡಳು.

ಹೆಜ್ಜೆ ಸದ್ದು ಮತ್ತೆ ಮೇಲೆ ಬಂತು.

“ಟೋಪಿ, ಟೋಪಿ!” ಎಂದು ಬಾಗಿಲಲ್ಲೇ ಕೂಗಿದ ವಾವ್ರೆಚ್ಕಾ. “ತಲೆ ಕುತ್ತಿಗೆಗೆ ಅಂಟಿಕೊಂಡಿದೆ ಅಂತ ಬಚಾವ್. ಇಲ್ದಿದ್ರೆ ಅದನ್ನೂ ಬಿಟ್ಟು ಹೋಗ್ತಿದ್ದೆ.”

ಹೆರ್ಮಿನಾ ನಕ್ಕಳು. ಅವನೂ ನಕ್ಕು, ಟೋಪಿ ತೆಗೆದುಕೊಂಡು, ಏನೋ ರಾಗ ಗುನುಗುತ್ತ ಬಾಗಿಲ ತನಕ ಹೋದ.

ಅಲ್ಲಿ ಮರದ ಕುರ್ಚಿಯ ಮೇಲೆ ಕೂತ.

ಗುನುಗು ನಿಂತಿತು. ಬಿಳಿ ಮೀಸೆಯ ಕೆಳಗೆ ತುಟಿಗಳು ಸದ್ದಿಲ್ಲದೆ ಅಲುಗತೊಡಗಿದವು. ಹೆರ್ಮಿನಾಗೆ ಸದ್ದು ಬೇಕಾಗಿರಲಿಲ್ಲ. ಆ ತುಟಿಗಳ ಜೊತೆಗೇ ಅವಳ ಎದೆಯೂ ಎಣಿಸಿತು. ಯೆದೆನ್, ದ್ವಾ, ತ್ಶಿ... ಅವಳ ಅಮ್ಮ ಎಣಿಸುತ್ತಿದ್ದ ಅದೇ ಪೋಲಿಷ್ ಭಾಷೆಯಲ್ಲಿ.

ಗುಸ್ತಾವ್ ಮಾವನ ಕೈಯಿಂದ ಪೊಂಚ್ಕಿ ಜಾರಿ ನೆಲಕ್ಕೆ ಬಿತ್ತು.

ಹತ್ತು ಮುಗಿಯಿತು. ವಾವ್ರೆಚ್ಕಾ ಸಲೀಸಾಗಿ ಎದ್ದು ಟೋಪಿ ಇಟ್ಟುಕೊಂಡ. ಇಬ್ಬರ ಮುಖವನ್ನೂ ನೋಡಿ ಹುಬ್ಬೇರಿಸಿದ. “ಯಾಕೆ, ದೆವ್ವ ಕಂಡೋರ ಹಾಗೆ ನಿಂತಿದ್ದೀರಿ? ಓ, ಕೂತಿದ್ದಕ್ಕಾ? ಅಜ್ಜಿ ಮಾಡಿಸಿದ ಅಭ್ಯಾಸ. ನಿಮ್ಮ ಊರೋಳೇ ಅವಳು, ಇದೇ ಹೋಟೆಲಿನ ಹಿಂದಿನ ಬೀದಿ. ಕೂರದೆ ಓಡಿದ್ರೆ ಕಿವಿ ಹಿಂಡಿ ಕೂರಿಸೋಳು.”

ಈ ದಡದ ಹುಡುಗಿಯರು ಆ ದಡಕ್ಕೆ ಸೊಸೆಯಾಗಿ ಹೋಗುವುದು ಈ ಊರಿನಲ್ಲಿ ಇಂದು ನಿನ್ನೆಯ ಮಾತಲ್ಲ. ಗಡಿ ಬರುವ ಮುಂಚೆಯೂ ಹೋದರು, ಬಂದ ಮೇಲೂ ಹೋದರು. ಹೋಗುವಾಗ ಪಾತ್ರೆ ಪಗಡ, ಪ್ರಾರ್ಥನೆ, ಬೈಗುಳ, ನಂಬಿಕೆ ಎಲ್ಲವನ್ನೂ ಕಟ್ಟಿಕೊಂಡೇ ಹೋದರು. ವಾರ್ಸಾದ ಜವಾದ್ಸ್ಕಿಗೆ ಅದು ಹೊಳೆಯದೇ ಇದ್ದರೆ ಕ್ಷಮಿಸಬಹುದು. ಹೊಳೆಯ ದಂಡೆಯಲ್ಲೇ ಹುಟ್ಟಿದ ಹೆರ್ಮಿನಾ, ಚೆಕ್ಕರು ಕೂರುವುದಿಲ್ಲ ಎಂದು ಎರಡು ದೇಶಗಳ ಮಂತ್ರಿಗಳಿಗೆ ಬರೆದುಕೊಟ್ಟ ಹಾಗೆ ಹೇಳಿಬಿಟ್ಟಿದ್ದಳು.

ಕೆಳಗೆ ಚೌಕದಲ್ಲಿ ಕಾರುಗಳು ಬಂದು ನಿಂತ ಸದ್ದು. ಬಾಗಿಲುಗಳು ತೆರೆದು ಮುಚ್ಚಿದವು. ಮೆಟ್ಟಿಲ ಬುಡದಿಂದ ಜವಾದ್ಸ್ಕಿ ಕೂಗಿದ: “ಇನ್ಸ್‌ಪೆಕ್ಟರ್ ಮೇಡಂ! ಬೇಗ ಬನ್ನಿ! ಇಬ್ಬರು ಮಂತ್ರಿಗಳೂ ಮೊದಲು ನಿಮ್ಮನ್ನೇ ನೋಡಬೇಕಂತೆ!”

“ನೋಡಿದ್ರಾ, ನಿಮಗೇ ಮೊದಲ ಮರ್ಯಾದೆ,” ಎಂದು ವಾವ್ರೆಚ್ಕಾ ಮೊಣಕೈ ಬಾಗಿಸಿ ತೋಳು ನೀಡಿದ. “ಬನ್ನಿ ಮೇಡಂ, ಜೋಡಿಯಾಗಿ ಇಳಿಯೋಣ. ಎರಡು ದೇಶದ ಸ್ನೇಹ ಎಲ್ರಿಗೂ ಕಾಣಲಿ.”

ಹೆರ್ಮಿನಾ ಮುಖದ ಮೇಲೆ ನಗು ತಂದುಕೊಂಡಳು. ಆ ತೋಳನ್ನು ಹಿಡಿದಳು, ಬಿಟ್ಟರೆ ಆಸಾಮಿ ಎಲ್ಲಿ ಜಾರಿಕೊಳ್ಳುತ್ತಾನೋ ಎಂದು, ಎರಡೂ ಕೈಯಿಂದ ಬಿಗಿಯಾಗಿ.